ಕಡಲಾಚೆ ಹಾಸಿದ ಕಂಬಳಿ

ಜಮಖಂಡಿ

ಜಮಖಂಡಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಬಿ.ಕಾಂ. ಹುಡುಗರಿಗೆ ಉದ್ಯಮಶೀಲತೆ ಕಲಿಸುತ್ತೇನೆ. ಖರೆ ಹೇಳಬೇಕೆಂದರೆ ಹುಟ್ಟಿದಾಗಿನಿಂದ ಒಂದು ಕರವಸ್ತ್ರವನ್ನೂ ಮಾರಿದವಳಲ್ಲ ನಾನು. ಬನಹಟ್ಟಿಯ ನಮ್ಮ ತವರುಮನೆಯಲ್ಲಿ ಮಗ್ಗಗಳಿದ್ದವು, ಸೀರೆ ಇಳಿಯುತ್ತಿದ್ದವು. ನೂಲು ಕೊಡುವವರೂ ಸಾವಕಾರರು, ಸೀರೆ ಒಯ್ಯುವವರೂ ಅವರೇ. ಮಾರುವ ಉಸಾಬರಿ ನಮಗೆ ಇರಲೇ ಇಲ್ಲ. ಅದಕ್ಕೇ ಇರಬೇಕು, ಮಾರುವುದು ಹೇಗೆ ಅಂತ ಪಾಠ ಮಾಡುವಾಗ ನನಗೆ ಎಲ್ಲಿಲ್ಲದ ಹುರುಪು. "ಗಿರಾಕಿಗೆ ಏನು ಬೇಕೋ ಅದನ್ನ ಕೊಡ್ರಿ, ನಿಮಗೇನು ಚಂದ ಕಾಣತೈತೋ ಅದನ್ನಲ್ಲ" ಅಂತ ವರ್ಷಕ್ಕೆ ಎಷ್ಟು ಸಲ ಹೇಳುತ್ತೇನೋ ದೇವರಿಗೇ ಗೊತ್ತು.

ಕೇಳಿಸಿಕೊಂಡ ಹುಡುಗರು ಏನಾಗುತ್ತಾರೆ ಅಂದರೆ, ಮುಧೋಳದ ಕಡೆಯವರು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಹುಡುಕುತ್ತಾರೆ, ರಬಕವಿ-ಬನಹಟ್ಟಿಯವರು ನೂಲಿನ ಅಂಗಡಿಯಲ್ಲಿ ಕೂಡುತ್ತಾರೆ, ಉಳಿದವರು ಪೊಲೀಸ್ ಪರೀಕ್ಷೆಗೆ ಓಡುವುದನ್ನು ರೂಢಿ ಮಾಡುತ್ತಾರೆ. ನೀವೇ ಒಂದು ಉದ್ಯೋಗ ಯೋಚಿಸಿ ಬರೀರಿ ಅಂದರೆ ಎಲ್ಲರದೂ ಮೊಬೈಲ್ ಅಂಗಡಿ. ಆ ವರ್ಷ ಒಬ್ಬಳು ಮಾತ್ರ 'ಕರಿ ಕಂಬಳಿ' ಅಂತ ಬರೆದಳು. ಅವಳು ಮಾಳವ್ವ.

ಮಾಳವ್ವ ಬೀಳಗಿ ತಾಲೂಕಿನ ಅನಗವಾಡಿಯವಳು. ಕುರಿ ಕಾಯುವ ಮನೆತನ, ಮನೆದೇವರು ಬೀರಪ್ಪನ ಒಕ್ಕಲು. ಜಮಖಂಡಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮಾತು ಕಡಿಮೆ, ಆದರೆ ನಾನು ಪಾಠದಲ್ಲಿ ಏನಾದರೂ ಹಾರಿಸಿಬಿಟ್ಟರೆ ಕೂತಲ್ಲೇ ಹುಬ್ಬು ಗಂಟುಹಾಕುತ್ತಿದ್ದಳು. ಹೊರದೇಶದಲ್ಲಿ ವಿದ್ಯಾರ್ಥಿಗಳ ಉದ್ಯಮಮೇಳ ನಡೆಸುವ ಸಂಸ್ಥೆಯೊಂದಕ್ಕೆ ಅವಳು ಬರೆದದ್ದನ್ನು ಸುಮ್ಮನೆ ಕಳಿಸಿದ್ದೆ. ಅವರು ಒಪ್ಪಿಬಿಟ್ಟರು. ಹುಡುಗಿ ಒಬ್ಬಳು, ಜತೆಗೆ ಕಲಿಸುವವರು ಒಬ್ಬರು, ಸ್ಕಾಟ್ಲಂಡಿಗೆ ಬರಬೇಕು, ಖರ್ಚೆಲ್ಲ ತಮ್ಮದು ಅಂದರು. ನಮ್ಮ ಮನೆಯವರು ಚಹಾದ ಕಪ್ಪು ಕೆಳಗಿಟ್ಟು, "ಕರವಸ್ತ್ರ ಮಾರಲಾರದಾಕಿ ಕಂಬಳಿ ಮಾರಾಕ ಹೊಂಟ್ಯಾ?" ಅಂದರು.

ಅನಗವಾಡಿ

ಹೋಗುವ ಮೊದಲು ಹುಡುಗಿಯ ಮನೆಯವರನ್ನು ಕೇಳಬೇಕಲ್ಲ. ಮಾಳವ್ವನ ಅಪ್ಪ ಕುರಿ ಹಿಂಡಿನ ಜತೆ ಹೊರಗೇ ಇರುವವನು. ಮನೆಯಲ್ಲಿ ಮಾತು ನಡೆಯುವುದು ಅವಳ ಸೋದರಮಾವ ಸಿದ್ದಪ್ಪನದು. ಊರಲ್ಲಿ ಈಗ ಕಂಬಳಿ ನೇಯುವ ಮಗ್ಗ ಉಳಿದಿರುವುದು ಅವನದೊಂದೇ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಮಗ್ಗ ಅದು. ಬನಹಟ್ಟಿಯ ನಮ್ಮ ಕರೆಂಟಿನ ಮಗ್ಗ ಓಣಿಯನ್ನೇ ನಡುಗಿಸುತ್ತದೆ, ಇದರ ಸಪ್ಪಳ ಪಡಸಾಲೆ ದಾಟುವುದಿಲ್ಲ.

ನನ್ನನ್ನು ನೋಡಿ ಸಿದ್ದಪ್ಪ ಮಗ್ಗದಿಂದ ಎದ್ದ. ಗೂಟದ ಮೇಲಿನ ಕರಿ ಕಂಬಳಿ ತೆಗೆದು ಕೊಡವಿ ನೆಲಕ್ಕೆ ಹಾಸಿದ. "ಬರ್ರಿ ಅಕ್ಕೋರ, ಕುಂದರ್ರಿ" ಅಂದ. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುವುದು ರೂಢಿ. ಕೂತೆ. ಸೀರೆಯ ಮೇಲಿಂದಲೂ ಚುಚ್ಚಿತು. ಕುರಿಯ ವಾಸನೆ, ಗಂಜಿಗೆ ಹಾಕಿದ ಹುಣಸೆಬೀಜದ ವಾಸನೆ ಎರಡೂ ಮೂಗಿಗೆ ಬಂದವು.

"ಮನೀಗೆ ಬಂದವ್ರಿಗೆ ಕಂಬಳಿ ಹಾಸಲಿಲ್ಲಂದ್ರ ಬಂದಂಗ ಅಲ್ರಿ ನಮ್ಮಲ್ಲಿ" ಅಂದ ಸಿದ್ದಪ್ಪ. "ಪಂಚಾಯ್ತಿ ಕೂಡೋದೂ ಇದರ ಮ್ಯಾಲ. ಕುಂತು ಆಡಿದ ಮಾತು ತಿರುವಂಗಿಲ್ಲ."

ಹಾಗೆ ಹೇಳಿ ತಾನು ಬರೀ ನೆಲದ ಮೇಲೆ ಕೂತ. ಆಮೇಲೆ ನಿಧಾನಕ್ಕೆ ತನ್ನ ಕಷ್ಟ ಬಿಚ್ಚಿದ. ಈಗಿನವರಿಗೆ ಅಂಗಡಿಯ ಮೆತ್ತನೆಯ ಚಾದರ ಬೇಕು. ಕುರಿ ಕಾಯುವ ಹುಡುಗರು ಸಹಿತ ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ಹೋಗುತ್ತಾರೆ. ಮದುವೆಗೆ, ದೇವರಿಗೆ ಅಂತ ಒಂದೊಂದು ಕೇಳುತ್ತಾರೆ, ಅಷ್ಟೇ.

"ಈ ವರ್ಷ ನೋಡ್ತೇನ್ರಿ. ಗಿರಾಕಿ ಸಿಗಲಿಲ್ಲಂದ್ರ ಮಗ್ಗ ಬಿಚ್ಚಿ ಅಟ್ಟದ ಮ್ಯಾಲ ಇಡ್ತೇನಿ. ಒಮ್ಮೆ ಬಿಚ್ಚಿದ್ರ ಮತ್ತ ಕಟ್ಟಾವ್ರು ಯಾರೂ ಇಲ್ಲ."

ಮಾಳವ್ವ ಗೋಡೆಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. "ಗಿರಾಕಿ ಸಿಗ್ತಾರ ಸಿದ್ದಪ್ಪ, ನಾ ಹೇಳ್ತೇನಿ" ಅಂದೆ. ಕಂಬಳಿಯ ಮೇಲೆ ಕೂತು ಅಂದೆ.

ವಿಮಾನ ಇಳಿದಲ್ಲಿ

ಬೆಂಗಳೂರಿನ ಬಸ್ಸು ಲೋಕಾಪುರ ದಾಟುವ ಹೊತ್ತಿಗೇ ನನಗೆ ಮನೆಯ ನೆನಪು ಹತ್ತಿಕೊಂಡಿತ್ತು. ಮುಂದಿನ ಆಕಾಶಯಾನದ ಸುಖ ಕೇಳಬೇಡಿ. ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು, ಪಕ್ಕದವನ ಗೊರಕೆ ಕೇಳುತ್ತ, ಅನ್ನವೋ ಹಿಟ್ಟೋ ತಿಳಿಯದ್ದನ್ನು ತಿಂದು ಎಡಿನ್‌ಬರೋದಲ್ಲಿ ಇಳಿದೆವು. ಅಕ್ಟೋಬರ್ ತಿಂಗಳು. ಹೊರಗೆ ಮಳೆಯೂ ಅಲ್ಲದ, ಇಬ್ಬನಿಯೂ ಅಲ್ಲದ ಒಂದು ನೀರು ಗಾಳಿಯಲ್ಲಿ ಅಡ್ಡ ಹರಿಯುತ್ತಿತ್ತು. ನಾವು ಅಲ್ಲಿದ್ದಷ್ಟು ದಿನ ಅದು ನಿಲ್ಲಲಿಲ್ಲ.

ಸಾಮಾನು ನೋಡುವ ಅಧಿಕಾರಿ ನಮ್ಮ ಚೀಲ ತೆರೆಸಿದ. ಖಡಕ್ ರೊಟ್ಟಿಯ ಕಟ್ಟು ನೋಡಿ ಒಂದು ರೊಟ್ಟಿ ಎತ್ತಿ ಬಡಿದ, ಟಕ್ ಅಂತು. ತಿನ್ನುವ ವಸ್ತು ಅಂತ ನಾನು ಬಾಯಿಗೆ ಕೈ ಒಯ್ದು ತೋರಿಸಿದೆ. ನಂಬಿದನೋ ಇಲ್ಲವೋ, ಬಿಟ್ಟ. ಶೇಂಗಾ ಚಟ್ನಿಯನ್ನು ಮೂಸಿ ಸೀನಿದ. ಅಮ್ಮ ಕಟ್ಟಿಕೊಟ್ಟಿದ್ದ ತುಪ್ಪದ ಡಬ್ಬಿಯನ್ನು ಮಾತ್ರ ಕಸದಬುಟ್ಟಿಗೆ ಹಾಕಿದ. ಮನೆಯ ತುಪ್ಪ ಕಣ್ಣೆದುರು ಕಸಕ್ಕೆ ಬಿತ್ತು, ಹೊಟ್ಟೆ ಉರಿಯಿತು. ಕಡೆಗೆ ಕಂಬಳಿಗಳ ಗಂಟು ಬಂತು. ಅದನ್ನೂ ಮೂಸಿದ.

"ಯಾವ ಪ್ರಾಣಿ ಇದು?" ಅಂತ ಇಂಗ್ಲಿಷಿನಲ್ಲಿ ಕೇಳಿದ.

"ಕುರಿ ಸರ್. ನಮ್ಮ ಕುರಿ" ಅಂದಳು ಮಾಳವ್ವ, ಅವನೇನೋ ಗುರುತು ಹಿಡಿಯುತ್ತಾನೆ ಅನ್ನುವ ಹಾಗೆ. ಅವನು ಮೊದಲ ಸಲ ನಕ್ಕು ಗಂಟು ವಾಪಸ್ ಕೊಟ್ಟ.

ಉಣ್ಣೆಯ ಊರು

ಮೇಳ ಇದ್ದದ್ದು ಎಡಿನ್‌ಬರೋದಲ್ಲಲ್ಲ, ಅಲ್ಲಿಂದ ದಕ್ಷಿಣಕ್ಕೆ ಗುಡ್ಡಗಳ ನಡುವಿನ ಒಂದು ಸಣ್ಣ ಊರಲ್ಲಿ. ಅದರ ಹೆಸರು ನನ್ನ ನಾಲಿಗೆಗೆ ಕಡೆಯವರೆಗೂ ಬಗ್ಗಲಿಲ್ಲ, ಹಾಗಾಗಿ ನಾವಿಬ್ಬರೂ ಉಣ್ಣಿ ಊರು ಅಂತಲೇ ಕರೆದೆವು. ಒಂದು ಕಾಲಕ್ಕೆ ಊರ ತುಂಬ ಉಣ್ಣೆಯ ಗಿರಣಿಗಳಂತೆ. ಈಗ ಕಟ್ಟಡಗಳಿವೆ, ಗಿರಣಿ ಇಲ್ಲ. ಒಂದರಲ್ಲಿ ಮಂದಿ ವಾಸ ಮಾಡುತ್ತಾರೆ, ಒಂದರಲ್ಲಿ ವ್ಯಾಯಾಮಶಾಲೆ, ಇನ್ನೊಂದು ಬೀಗ ಹಾಕಿಕೊಂಡು ನಿಂತಿದೆ. ನಮ್ಮ ಬನಹಟ್ಟಿಯಲ್ಲಿ ಮಗ್ಗದ ಸಪ್ಪಳ ನಿಂತರೆ ಕರೆಂಟ್ ಹೋಗಿದೆ ಅಂತ ಅರ್ಥ. ಇಲ್ಲಿ ದೀಪಗಳೆಲ್ಲ ಉರಿಯುತ್ತಿದ್ದವು, ಸಪ್ಪಳ ಮಾತ್ರ ಇರಲಿಲ್ಲ. ಊರಲ್ಲಿ ಯಾರೋ ತೀರಿಕೊಂಡಿದ್ದಾರೇನೋ ಅನಿಸಿ ನಾನು ಮೆಲ್ಲಗೆ ಮಾತಾಡತೊಡಗಿದೆ.

ನಮ್ಮನ್ನು ಇಳಿಸಿದ್ದು ಐಲೀನ್ ಅನ್ನುವ ಹೆಂಗಸಿನ ಮನೆಯಲ್ಲಿ. ಎಪ್ಪತ್ತರ ಆಸುಪಾಸು, ಗಂಡ ಇಲ್ಲ, ಊರ ಅಂಚಿಗೆ ಕುರಿಹೊಲ. ಒಳ್ಳೆಯ ಜೀವ. ಆದರೆ ಬಂದವರಿಗೆ ಊಟ ಬೇಕೇ ಅಂತ ಒಂದೇ ಸಲ ಕೇಳುವುದು ಅಲ್ಲಿಯ ರೀತಿ. ನಾನು ನಮ್ಮೂರ ಮರ್ಯಾದೆಯ ಪ್ರಕಾರ ಬೇಡ ಅಂದೆ. ಆಕೆ ಸರಿ ಅಂತ ತಟ್ಟೆ ಎತ್ತಿಟ್ಟೇಬಿಟ್ಟಳು. ನಮ್ಮಲ್ಲಾದರೆ ಬೇಡ ಅಂದವರ ಕೈ ಹಿಡಿದು ಕೂರಿಸಿ, ಬೈದು, ಬಡಿಸುತ್ತಾರೆ. ಹಸಿದು ಕೋಣೆಗೆ ಹೋಗಿ ಒಣರೊಟ್ಟಿಗೆ ಚಟ್ನಿ ಹಚ್ಚಿಕೊಂಡು ಇಬ್ಬರೂ ಸದ್ದಾಗದ ಹಾಗೆ ಕಡಿಯಲು ನೋಡಿದೆವು. ಖಡಕ್ ರೊಟ್ಟಿಯನ್ನು ಸದ್ದಿಲ್ಲದೆ ತಿನ್ನುವುದು ಆಗುವ ಮಾತಲ್ಲ.

ಮಾಳವ್ವ ಬಾಗಿಲ ಹೊರಗೆ ಚಪ್ಪಲಿ ಬಿಟ್ಟಿದ್ದಳು. ಬೆಳಿಗ್ಗೆ ನೋಡಿದರೆ ಒಂದೇ ಇದೆ. ಇನ್ನೊಂದನ್ನು ಐಲೀನಳ ನಾಯಿ ಹೊಲದೊಳಗೆ ಒಯ್ದು ಹರಿದು ಹಾಕಿತ್ತು. "ಹೊರಗೆ ಯಾಕೆ ಬಿಟ್ಟೆ ಮಗು?" ಅಂತ ಐಲೀನ್ ಮರುಗಿ ತನ್ನ ರಬ್ಬರಿನ ಬೂಟು ಕೊಟ್ಟಳು. ಅಲ್ಲಿಯವರು ಬೂಟು ಹೊರಗೆ ಬಿಡುವುದಿಲ್ಲ. ಹೊಸ್ತಿಲ ಬಳಿ ಒರಟು ಚಾಪೆಯ ತುಂಡೊಂದು ಬಿದ್ದಿರುತ್ತದೆ. ಅದಕ್ಕೆ ಬೂಟು ನಾಲ್ಕು ಸಲ ಉಜ್ಜಿ, ನಡುಮನೆ, ಅಡುಗೆಮನೆ, ಮಲಗುವ ಕೋಣೆಯವರೆಗೂ ಹಾಗೇ ನಡೆಯುತ್ತಾರೆ. ಮಾಳವ್ವ ಆ ಉಜ್ಜುವುದನ್ನು ಬಹಳ ಹೊತ್ತು ನೋಡಿದಳು.

ಮಧ್ಯಾಹ್ನ ಐಲೀನ್ ತನ್ನ ಕುರಿ ತೋರಿಸಿದಳು. ಕರಿ ಮುಖದ, ಉದ್ದ ಉಣ್ಣೆಯ ಕುರಿಗಳು. ಮಾಳವ್ವ ಬೇಲಿ ದಾಟಿ ಒಂದರ ಬೆನ್ನೊಳಗೆ ಬೆರಳು ಇಳಿಸಿ ಉಣ್ಣೆ ಬಿಡಿಸಿ ನೋಡಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ತರಗತಿಯಲ್ಲಿ ಕಂಡಿರಲಿಲ್ಲ. ಅಲ್ಲಿಂದ ಹಿಂದಿನ ಕೊಟ್ಟಿಗೆಗೆ ಹೋದೆವು. ಕತ್ತರಿಸಿದ ಉಣ್ಣೆ ಮೂಲೆಯಲ್ಲಿ ರಾಶಿ ಬಿದ್ದು, ತಳ ಕೊಳೆತು, ಹಳದಿ ನೀರು ಹರಿದಿತ್ತು.

"ಇದನ್ಯಾಕ ಕೊಳಿಯಾಕ ಬಿಟ್ಟಾರ್ರಿ ಮೇಡಂ?" ಅಂತ ಮಾಳವ್ವ ಗಾಬರಿಯಾಗಿ ಕೇಳಿದಳು.

ನಾನು ಕೇಳಿ ಹೇಳಿದೆ. ಒರಟು ಉಣ್ಣೆ, ಯಾರಿಗೂ ಬೇಡ, ಕತ್ತರಿಸುವವನ ಕೂಲಿಯೂ ಹುಟ್ಟುವುದಿಲ್ಲವಂತೆ. ಗಂಡ ಇದ್ದಾಗ ಸುಡುತ್ತಿದ್ದನಂತೆ, ಈಗ ಆಕೆಗೆ ಅದೂ ಬೇಸರ. ಮಾಳವ್ವ ಒಂದು ಹಿಡಿ ಉಣ್ಣೆ ತೆಗೆದು ತೊಡೆಯ ಮೇಲೆ ಹೊಸೆದು ಎಳೆ ಮಾಡಿದಳು. ಐಲೀನ್ ಅದನ್ನು ಬೆರಳಿಗೆ ಸುತ್ತಿಕೊಂಡಳು, ಸಂಜೆ ಪಾತ್ರೆ ತೊಳೆಯುವಾಗಲೂ ಬಿಚ್ಚಿರಲಿಲ್ಲ. ಇಷ್ಟೊಂದು ಉಣ್ಣೆ ಕೊಳೆಯುವ ಊರಿಗೆ ನಾವು ಉಣ್ಣೆ ಮಾರಲು ಬಂದಿದ್ದೆವು.

ಮೇಳ

ಒಂದು ಹಳೆಯ ಗಿರಣಿಯ ಹಜಾರದಲ್ಲಿ ಮೇಳ. ಬೇರೆ ಬೇರೆ ದೇಶದ ಹುಡುಗರು ಮೇಜು ಹಾಕಿಕೊಂಡು ಕೂತಿದ್ದರು. ನಮ್ಮ ಮೇಜಿನ ಮೇಲೆ ಕಂಬಳಿಗಳನ್ನು ಮಡಚಿ ಇಟ್ಟು, ಹಿಂದೆ ಸಿದ್ದಪ್ಪ ಮಗ್ಗದಲ್ಲಿ ಕೂತಿರುವ ಫೋಟೋ ತೂಗುಹಾಕಿದೆವು. ಮಾಳವ್ವ ನನ್ನ ಹಳೆಯ ಇಳಕಲ್ ಸೀರೆ ಉಟ್ಟು ಐಲೀನಳ ಬೂಟಿನಲ್ಲಿ ನಿಂತಿದ್ದಳು.

ಬಂದವರೆಲ್ಲ ಫೋಟೋ ನೋಡಿ ನಗುತ್ತಿದ್ದರು, ಕಂಬಳಿ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಚುಚ್ಚುತ್ತದೆ ಅನ್ನುವುದನ್ನು ಅಲ್ಲಿಯವರು ಬಾಯಿಬಿಟ್ಟು ಹೇಳುವುದಿಲ್ಲ. ತುಂಬ ವಿಶೇಷವಾಗಿದೆ ಅನ್ನುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಕಂಬಳಿ ಎಷ್ಟು ಸಲ ವಿಶೇಷವಾಯಿತೆಂದರೆ ನನಗೆ ಆ ಶಬ್ದವೇ ಬೇಡವಾಯಿತು. ಮಾಳವ್ವ ಮಡಿಕೆ ಬಿಚ್ಚುವುದು, ಮತ್ತೆ ಮಡಚುವುದು. ಯಾರೂ ಇಲ್ಲದಾಗ ಫೋಟೋದ ಕಡೆ ನೋಡುವುದು. ಈ ಹುಡುಗಿಯನ್ನು ಯಾಕೆ ಕರೆತಂದೆನೋ ಅನಿಸಿತು.

ಆಗ ಫಿಯೋನಾ ಬಂದಳು. ತೀರ್ಪುಗಾರರಲ್ಲಿ ಒಬ್ಬಳು, ಮನೆಬಳಕೆಯ ಸಾಮಾನಿನ ಅಂಗಡಿಗಳ ಒಡತಿ. ಮಳೆಯಲ್ಲಿ ನಡೆದು ಬಂದಿದ್ದಳು. ಕೊಡೆಯಿಂದ ನೀರು ಸೋರುತ್ತಿತ್ತು, ಬೂಟಿಗೆ ಕೆಸರು. ದೊಡ್ಡ ಗಿರಾಕಿ ಅಂತ ಆಯೋಜಕರು ನಮ್ಮ ಕಿವಿಯಲ್ಲಿ ಹೇಳಿದರು. ಮಾಳವ್ವ ನೆಟ್ಟಗಾದಳು. ಮನೆಗೆ ದೊಡ್ಡವರು ಬಂದರೆ ಅವಳ ಮಾವ ಏನು ಮಾಡುತ್ತಾನೋ ಅದನ್ನೇ ಮಾಡಿದಳು. ಎಲ್ಲದರಲ್ಲಿ ಛಲೋ ಕಂಬಳಿ ಆರಿಸಿ, ಕೊಡವಿ, ಆ ಹೆಂಗಸಿನ ಕಾಲ ಮುಂದೆ ನೆಲಕ್ಕೆ ಹಾಸಿ, ಎರಡೂ ಕೈಯಿಂದ ತೋರಿಸಿ, "ಪ್ಲೀಸ್" ಅಂದಳು. ಕೂತುಕೊಳ್ಳಿ ಅಂತ ಅವಳ ಅರ್ಥ.

ಫಿಯೋನಾ ಕಂಬಳಿಯ ಮೇಲೆ ಬೂಟುಗಾಲಿನಲ್ಲಿ ನಿಂತಳು. ನಿಂತು ಒಂದು ಕಾಲು ಉಜ್ಜಿದಳು. ಆಮೇಲೆ ಇನ್ನೊಂದು ಉಜ್ಜಿದಳು. ಬೂಟು ಎತ್ತಿ ಅಡಿ ನೋಡಿಕೊಂಡಳು. ಕೆಸರು ಹೋಗಿತ್ತು, ಕಂಬಳಿಯ ಕಪ್ಪಿನಲ್ಲಿ ಕೆಸರು ಕಾಣುತ್ತಲೂ ಇರಲಿಲ್ಲ. ಆಕೆಯ ಕಣ್ಣು ದೊಡ್ಡದಾಯಿತು.

"ಎಂಥ ಜಾಣ ಹುಡುಗಿ. ಎಲ್ಲರೂ ಬಾಯಿಂದ ಹೇಳಿದರು, ಇವಳು ಮಾಡಿ ತೋರಿಸಿದಳು" ಅಂತ ಪಕ್ಕದವರಿಗೆ ಹೇಳಿದಳು. ನನ್ನ ಕಡೆ ತಿರುಗಿ, ಇದನ್ನು ಸಣ್ಣ ಸಣ್ಣ ತುಂಡಾಗಿ ನೇಯಲು ಆಗುತ್ತದೆಯೇ, ಬಾಗಿಲ ಮುಂದೆ ಹಾಸಲು, ಎಲ್ಲ ಅಂಗಡಿಗಳಿಗೂ ಬೇಕು, ಚಳಿಗಾಲ ಮುಗಿಯುವುದರೊಳಗೆ ಮೊದಲ ಕಂತು ಕಳಿಸಿದರೆ ಪ್ರತಿ ವರ್ಷ ತೆಗೆದುಕೊಳ್ಳುತ್ತೇನೆ ಅಂದಳು. ಮಾತಾಡುತ್ತಲೇ ಕಂಬಳಿಯ ಮೇಲೆ ನಿಂತೇ ಇದ್ದಳು.

ಮಾಳವ್ವನಿಗೆ ಅಷ್ಟು ಇಂಗ್ಲಿಷ್ ಗೊತ್ತಿತ್ತು. ಆದರೂ ನನ್ನನ್ನು ಕೇಳಿದಳು. "ಏನಂತಾರ್ರಿ ಮೇಡಂ?"

"ಕಾಲೊರಸಾಕ ಬೇಕಂತ" ಅಂದೆ. "ವರ್ಷಾ ಬೇಕಂತ ಮಾಳವ್ವ. ವರ್ಷಾ."

ನಾನು ಖುಷಿಯಾಗಿದ್ದೆ. ಸುಳ್ಳೇಕೆ ಹೇಳಲಿ, ಕುಣಿಯುವುದೊಂದು ಬಾಕಿ ಇತ್ತು. ಮಾಳವ್ವ ಫಿಯೋನಾಳ ಬೂಟು ನೋಡಿದಳು, ಫೋಟೋದಲ್ಲಿದ್ದ ಮಾವನನ್ನು ನೋಡಿದಳು. ಅವಳ ಮುಖದ ಮೇಲೆ ನಗು ಇತ್ತು, ಅತಿಥಿಯ ಮುಂದೆ ಇರಬೇಕಲ್ಲ ಅಂತ. ಕಡೆಗೆ "ಯೆಸ್ ಮೇಡಂ" ಅಂದಳು.

ಐಲೀನಳ ಒಲೆಯ ಮುಂದೆ

ಮೋಡ ಕವಿದು ನಾಲ್ಕು ಗಂಟೆಗೇ ಕತ್ತಲಾಗುವ ಹಾಗಿತ್ತು. ಐಲೀನ್ ಕುರಿ ನೋಡಲು ಹೋಗಿದ್ದಳು. ಮಾಳವ್ವ ಒದ್ದೆ ಬಟ್ಟೆಯಲ್ಲಿ ಕಂಬಳಿಯ ಕೆಸರು ಒರೆಸುತ್ತ ಒಲೆಯ ಮುಂದೆ ಕೂತಿದ್ದಳು. ಒದ್ದೆಯಾದ ಕಂಬಳಿಯಿಂದ ಸಿದ್ದಪ್ಪನ ಪಡಸಾಲೆಯ ವಾಸನೆ ಎದ್ದಿತ್ತು. ಖುಷಿಪಡುವುದು ಬಿಟ್ಟು ಅವಳು ಕೆಸರು ತಿಕ್ಕುತ್ತ ಕೂತದ್ದನ್ನು ನೋಡಿ ನನಗೆ ಸಿಟ್ಟು ಬಂತು.

"ಗಿರಾಕಿ ಸಿಕ್ಕಾರ, ಸಪ್ಪ ಮಾರಿ ಯಾಕ ಮಾಡಿಕೊಂಡಿ?" ಅಂದೆ. "ಬಟ್ಟಿ ಅಂದ್ರ ಅಷ್ಟ ಬೇ. ನಮ್ಮಪ್ಪ ನೇಯ್ದ ಸೀರಿ ಎಲ್ಲೆಲ್ಲಿ ನೆಲಾ ಒರಸಾಕತ್ತಾವೋ ಯಾರಿಗೆ ಗೊತ್ತು. ಅಂವ ಅದಕ್ಕ ಅಳ್ತಾ ಕುಂತಾನೇನು?"

"ನೀವು ಉಟ್ಟು, ಹರದ ಮ್ಯಾಲ ಒರಸ್ತೀರ್ರಿ" ಅಂದಳು ತಲೆ ಎತ್ತದೆ. "ಇದು ಹೊಸಾದು."

ಹೊರಗೆ ಐಲೀನಳ ನಾಯಿ ಬೊಗಳುವುದು ಕೇಳುತ್ತಿತ್ತು. ಅವಳು ಬಟ್ಟೆ ಹಿಂಡಿ ಮತ್ತೆ ಒರೆಸಲು ಹಿಡಿದಳು.

"ನಾನ ಹಾಸಿದೆನಲ್ರಿ ಮೇಡಂ. ನಾ ಹಾಸದಿದ್ರ ಅಕಿ ತಲ್ಯಾಗ ಅದು ಬರ್ತಿದ್ದಿಲ್ಲ."

"ನೀ ಹಾಸದಿದ್ರ ಗಿರಾಕೀನೂ ಬರ್ತಿದ್ದಿಲ್ಲ."

"ಹೌದು." ಕಂಬಳಿಯನ್ನು ಒಲೆಯ ಕಡೆ ತಿರುಗಿಸಿದಳು. "ಮಗ್ಗ ನಿಲ್ಲಬಾರದ್ರಿ. ನೇಯ್ಯೂಣು. ಮಾವಗ ನಾನ ಹೇಳ್ತೇನಿ, ನೀವು ಹೇಳಬ್ಯಾಡ್ರಿ."

ಆಗಲಿ ಅಂದೆ. ಮರುದಿನ ಹೊರಡುವಾಗ ಐಲೀನ್ ಅವಳನ್ನು ತಬ್ಬಿಕೊಂಡಳು. ಬೂಟು ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಆ ದೊಡ್ಡ ಬೂಟಿನಲ್ಲೇ ಮಾಳವ್ವ ಬೆಂಗಳೂರಿನವರೆಗೂ ಬಂದಳು.

ಮತ್ತೆ ಅನಗವಾಡಿ

ಊರಿಗೆ ಬಂದ ಮೇಲೆ ಕಾಲೇಜಿನಲ್ಲಿ ಹಾರ ಹಾಕಿದರು, ಭಾಷಣ ಮಾಡಿಸಿದರು. ನನ್ನ ತರಗತಿಗೆ ಹುಡುಗರು ತುಂಬಿಕೊಂಡು ಬರತೊಡಗಿದರು. ಮುಧೋಳದ ಒಬ್ಬ ಹುಡುಗ ಮೊಬೈಲ್ ಅಂಗಡಿ ಬಿಟ್ಟು ಬೆಲ್ಲದ ವ್ಯಾಪಾರ ಅಂತ ಬರೆದು ತಂದ. ಇಷ್ಟು ವರ್ಷದಲ್ಲಿ ನನ್ನ ಪಾಠವನ್ನು ಯಾರೋ ನಂಬಿದ್ದು ಅದೇ ಮೊದಲು, ಹಾಗಾಗಿ ನಾನು ಸ್ವಲ್ಪ ಉಬ್ಬಿದ್ದೆ. ಮಾಳವ್ವ ಮಾವನಿಗೆ ಹೇಳಿರಬೇಕು ಅಂದುಕೊಂಡಿದ್ದೆ. ಮಗ್ಗ ನಡೆದಿದೆ ಅಂತ ಸುದ್ದಿ ಬರುತ್ತಲೇ ಇತ್ತು.

ಮೊದಲ ಕಂಬಳಿ ಮಗ್ಗದಿಂದ ಇಳಿದ ಮೇಲೆ ಸಿದ್ದಪ್ಪ ನನ್ನನ್ನು ಕರೆಕಳಿಸಿದ. ಮಾಳವ್ವನ ಜತೆ ಬೀಳಗಿಯಲ್ಲಿ ಬಸ್ಸು ಬದಲಾಯಿಸಿ ಹೋದೆ. ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅನಗವಾಡಿ ಹತ್ತಿರ ಬಂದಾಗ ಹೊಳೆಯ ನೀರು ಕಾಣಿಸಿತು. ಆಗ ಅಂದಳು. "ಮೇಡಂ, ಸಣ್ಣಾವು ಬೇಕಂತ, ಬಾಗಲಾಗ ಹಾಸ್ತಾರಂತ, ಅಷ್ಟ ಹೇಳೇನ್ರಿ."

ಮನೆ ಸಾರಿಸಿತ್ತು. ಸಿದ್ದಪ್ಪ ಮಿಂದು ಹಣೆಗೆ ಭಂಡಾರ ಹಚ್ಚಿಕೊಂಡಿದ್ದ. ಮಗ್ಗದ ಮೇಲೆ ಎರಡನೆಯದು ಅರ್ಧ ನೇಯ್ದು ನಿಂತಿತ್ತು. ಇಳಿಸಿದ್ದನ್ನು ನನ್ನ ಮುಂದೆ ತಂದ. ಚೌಕದ ಸಣ್ಣ ಕಂಬಳಿ, ಸುತ್ತಲೂ ಬಿಳಿ ಉಣ್ಣೆಯ ಎರಡು ಗೆರೆಯ ಅಂಚು. ನನಗೆ ಅದು ಚಂದದ ಅಂಚು ಮಾತ್ರ. ಮಾಳವ್ವ ಅದನ್ನು ನೋಡಿದ್ದೇ ತಡ, ಬಾಗಿಲಲ್ಲೇ ನಿಂತುಬಿಟ್ಟಳು.

"ಬೀರಪ್ಪನ ಗದ್ದಿಗಿ ಮ್ಯಾಲ ಹಾಸೋದು ಇಷ್ಟ ಇರತೈತ್ರಿ, ಹಿಂಗ ಚೌಕ" ಅಂತ ಸಿದ್ದಪ್ಪ ಬಗ್ಗಿ ಹಾಸತೊಡಗಿದ. "ಸಣ್ಣಾದು ಬೇಕಂದಾಗ ನನಗ ತಿಳಿಲಿಲ್ಲ. ಬಾಗಲಾಗ ಹಾಸ್ತಾರ ಅಂತ ಮಾಳಿ ಅಂದ್ಲು. ಆಗ ತಿಳೀತು. ಮನಿಮನಿ ಬಾಗಲಾಗ ಗದ್ದಿಗಿ ಹಾಕ್ತಾರಂದ್ರ ಎಂಥಾ ಮಂದಿ ಇರಬೇಕ್ರಿ ಅವ್ರು. ಅದಕ್ಕ ಅಂಚು ಹಾಕೇನಿ. ನೇಯುವಷ್ಟು ದಿನ ಒಪ್ಪತ್ತು ಮಾಡೇನಿ. ಮೊದಲ ನೀವು ಕುಂದರ್ರಿ ಅಕ್ಕೋರ. ಇದು ನಿಮ್ಮ ಮಾತಿನಿಂದ ಆದದ್ದು."

ಅಷ್ಟು ದಿನ ಒಂದೇ ಊಟ ಮಾಡಿ ನೇಯ್ದಿದ್ದ. ಚಪ್ಪಲಿ ಹೊರಗೇ ಬಿಟ್ಟಿದ್ದೆ, ಆದರೂ ಅಂಗಾಲನ್ನು ಒಮ್ಮೆ ಸೀರೆಯ ನಿರಿಗೆಗೆ ಒರೆಸಿಕೊಂಡು ಕೂತೆ. ಸಿದ್ದಪ್ಪ ಎದುರಿಗೆ ನೆಲದ ಮೇಲೆ ಕೂತು ಮೊಣಕಾಲಿಗೆ ಕೈ ಸುತ್ತಿಕೊಂಡ. ಅವನ ಮುಖದಲ್ಲಿದ್ದ ಸಂತೋಷ ನನಗೆ ನೋಡಲಾಗಲಿಲ್ಲ.

"ಹೇಳ್ರಿ ಅಕ್ಕೋರ. ಬಾಗಲಾಗ ಹ್ಯಾಂಗ ಹಾಸ್ತಾರ? ಯಾವ ದೇವ್ರನ್ನ ಕೂಡಸ್ತಾರ?"

ಮಾಳವ್ವನ ಕಡೆ ನೋಡಿದೆ. ಹೇಳಬೇಡಿ ಅಂದವಳು ಅವಳು. ಪಡಸಾಲೆಯಲ್ಲಿ ಯಾವ ಸಪ್ಪಳವೂ ಇರಲಿಲ್ಲ, ಆ ಉಣ್ಣಿ ಊರಿನ ಹಾಗೆ. ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ಮಾಳವ್ವ ಅಂದಳು.

"ಮಾವ, ದೇವ್ರಲ್ಲ. ಬೂಟಗಾಲ ಒರಸ್ತಾರ."

ಸಿದ್ದಪ್ಪ ಅವಳನ್ನು ನೋಡಿದ. ತಿಳಿಯದವನ ಹಾಗೆ ನನ್ನನ್ನು ನೋಡಿದ.

"ಇದರ ಮ್ಯಾಲ?"

"ಹೂಂ. ನಾ ಅಲ್ಲೇ ನೋಡೇನಿ. ನೋಡೇ ಹೂಂ ಅಂದು ಬಂದೇನಿ. ಮಗ್ಗ ಉಳೀಲಿ ಅಂತ."

"ಅಕ್ಕೋರಿಗೂ ಗೊತ್ತಿತ್ತೇನು?"

"ಗೊತ್ತಿತ್ತು" ಅಂದೆ ನಾನು. ಕಂಬಳಿಯ ಮೇಲೆ ಕೂತಿದ್ದೆನಲ್ಲ.

ಅವನು ಕೂಗಾಡಲಿಲ್ಲ. 'ಗಿರಾಕಿಗೆ ಬೇಕಾದದ್ದನ್ನ ಕೊಡಬೇಕು ಸಿದ್ದಪ್ಪ, ಕಳಿಸಿದ ಮೇಲೆ ಅವರು ಏನು ಮಾಡಿದರೆ ನಮಗೇನು' ಅಂತ ನನ್ನ ಪಾಠವೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಅದು ತಪ್ಪು ಅಂತ ನನಗೆ ಈಗಲೂ ಅನಿಸುವುದಿಲ್ಲ. ಆದರೆ ಆ ನೆಲದ ಮೇಲೆ ಕೂತವನ ಮುಂದೆ ಅದನ್ನು ಹೇಳಲು ನನ್ನಿಂದ ಆಗಲಿಲ್ಲ. ಸಿದ್ದಪ್ಪ ಎದ್ದು ಮಗ್ಗದ ಹತ್ತಿರ ಹೋಗಿ, ಅರ್ಧ ನೇಯ್ದದ್ದರ ಮೇಲೆ ಅಂಗೈ ಇಟ್ಟು ನಿಂತ.

"ಇದೊಂದು ಮುಗಸ್ತೇನಿ. ನಡುವ ಬಿಡಬಾರದು" ಅಂದ. "ಬೀರಪ್ಪಗ ಕೊಟ್ಟು, ಆ ಮ್ಯಾಲ ಬಿಚ್ಚತೇನಿ."

"ಮಾವ" ಅಂದಳು ಮಾಳವ್ವ.

"ಆತು ಬಿಡವ್ವ. ನೀ ಮಗ್ಗ ಉಳೀಲಂತ ಮಾಡಿದಿ. ನನಗ ತಿಳಿತೈತಿ." ಆಮೇಲೆ ನನ್ನ ಮುಂದೆ ಬಂದು ನಿಂತ. ದನಿಯಲ್ಲಿ ಸಿಟ್ಟಿರಲಿಲ್ಲ, ಮರ್ಯಾದೆಯೂ ಕಡಿಮೆಯಾಗಿರಲಿಲ್ಲ.

"ಅಕ್ಕೋರ, ಸ್ವಲ್ಪ ಏಳ್ರಿ."

ಎದ್ದೆ. ಅವನು ಬಗ್ಗಿ ಕಂಬಳಿ ತೆಗೆದು, ನಾನು ಕೂತ ಜಾಗವನ್ನು ಕೈಯಿಂದ ಕೊಡವಿ, ಮಡಚಿ ಹೆಗಲಿಗೆ ಹಾಕಿಕೊಂಡ. ಗೂಟದ ಮೇಲೆ ಹಳೆಯ ಕಂಬಳಿ ಹಾಗೇ ಇತ್ತು. ಅದನ್ನು ಹಾಸುತ್ತಾನೇನೋ ಅಂತ ಕಾದೆ. ಒಳಗಿನಿಂದ ಮಾಳವ್ವನ ಅವ್ವ ಚಹಾ ತಂದಳು. ನಿಂತೇ ಕುಡಿದೆ.